ಮೊದಲು ಹುಲ್ಲು, ಆಮೇಲೆ ಗುಡ್ಡ: ಬ್ಯಾಡ್‌ಲ್ಯಾಂಡ್ಸ್ ಹುಲ್ಲುಗಾವಲಿನಲ್ಲಿ ನೀವೇ ಕಾರು ಓಡಿಸಿಕೊಂಡು ಸುತ್ತುವುದು ಹೇಗೆ

ಬ್ಯಾಡ್‌ಲ್ಯಾಂಡ್ಸ್‌ಗೆ ಹೋಗಿ ಬಂದ ಯಾರದೇ ಫೋನು ತೆಗೆದು ನೋಡಿ. ಬರೀ ಗುಡ್ಡಗಳು. ಪಟ್ಟೆ ಪಟ್ಟೆ ಗುಡ್ಡ, ಮೊನಚು ಗುಡ್ಡ, ಗುಡ್ಡದ ಮುಂದೆ ಕೈ ಅಗಲಿಸಿ ನಿಂತ ಮಾವನವರು. ಹುಲ್ಲಿನ ಫೋಟೊ ಒಂದೂ ಇರುವುದಿಲ್ಲ. ನಮ್ಮ ಮೊದಲ ಪ್ರವಾಸದ್ದೂ ಇದೇ ಕಥೆ. ಎರಡು ಗಂಟೆಯಲ್ಲಿ ಹನ್ನೆರಡು ಕಡೆ ಕಾರು ನಿಲ್ಲಿಸಿದೆವು, ಹನ್ನೆರಡು ಕಡೆಯೂ ಗುಡ್ಡಕ್ಕೆ ಮುಖ ಮಾಡಿ ನಿಂತೆವು. ಬೆನ್ನ ಹಿಂದೆ ಕಣ್ಣಿಗೆ ಎಟುಕುವಷ್ಟು ದೂರ ಹುಲ್ಲು ಅಲೆ ಅಲೆಯಾಗಿ ಬಾಗುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

ಅಮೆರಿಕದ ಸೌತ್ ಡಕೋಟಾ ರಾಜ್ಯದ ಈ ರಾಷ್ಟ್ರೀಯ ಉದ್ಯಾನ ಸುಮಾರು 2,44,000 ಎಕರೆ ಇದೆ. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಉಳಿದಿರುವ ಅತಿ ದೊಡ್ಡ ಮಿಶ್ರ ಹುಲ್ಲಿನ ಪ್ರೇರಿಗಳಲ್ಲಿ ಇದೂ ಒಂದು. ಪ್ರೇರಿ ಅಂದರೆ ಬೇರೇನಲ್ಲ, ನಮ್ಮಲ್ಲಿ ಕಾವಲು ಅನ್ನುತ್ತೇವಲ್ಲ, ಅದರ ದೊಡ್ಡಣ್ಣ. ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಕಡೆಯ ಅಮೃತಮಹಲ್ ಕಾವಲು ನೋಡಿದವರಿಗೆ ಇಲ್ಲಿ ನಿಂತರೆ ಮೊದಲು ಊರಿನ ನೆನಪು ಬರುತ್ತದೆ. ಆಮೇಲೆ ಇದರ ಅಗಲ ನೋಡಿ ಸ್ವಲ್ಪ ಭಯವೂ ಆಗುತ್ತದೆ.

ಎರಡನೇ ಸಲ ಹೋದಾಗ ಇಡೀ ದಾರಿಯನ್ನು ತಿರುವುಮುರುವು ಮಾಡಿಕೊಂಡೆವು. ಮೊದಲು ಹುಲ್ಲು, ಆಮೇಲೆ ಗುಡ್ಡ. ಹಾಗೆ ಒಂದು ದಿನದಲ್ಲಿ ಸುತ್ತುವ ಕ್ರಮ ಇಲ್ಲಿದೆ. ಗೈಡ್ ಬೇಡ, ಟೂರ್ ಬಸ್ ಬೇಡ. ಕಾರು, ನೀರು, ಬುತ್ತಿ ಮತ್ತು ಬೆಳಗ್ಗೆ ಬೇಗ ಏಳುವ ಮನಸ್ಸು ಇದ್ದರೆ ಆಯಿತು.

ಯಾವಾಗ ಹೋಗಬೇಕು

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹುಲ್ಲು ಹಸಿರಾಗಿರುತ್ತದೆ. ನನ್ನ ಆಯ್ಕೆ ಅದೇ. ಸೆಪ್ಟೆಂಬರ್ ಎರಡನೇ ಸ್ಥಾನ. ಆಗ ಹುಲ್ಲು ಕೆಂಪು ಮತ್ತು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಜನ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಮಕ್ಕಳಿಗೆ ರಜೆ ಅಂತ ಎಲ್ಲರೂ ಹೋಗುತ್ತಾರೆ. ಆದರೆ ಬಿಸಿಲು ಎಷ್ಟೋ ದಿನ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ನೆರಳು ಅನ್ನುವುದೇ ಇಲ್ಲ. ಜೊತೆಗೆ ಆಗಸ್ಟ್ ಮೊದಲ ಭಾಗದಲ್ಲಿ ಹತ್ತಿರದ ಸ್ಟರ್ಜಿಸ್ ಊರಲ್ಲಿ ಮೋಟಾರ್‌ಸೈಕಲ್ ಜಾತ್ರೆ. ಆ ದಿನಗಳಲ್ಲಿ ಸುತ್ತಮುತ್ತ ಹೋಟೆಲ್ ರೂಮು ಸಿಗುವುದೇ ಕಷ್ಟ, ಸಿಕ್ಕರೂ ದರ ಕೇಳಿದರೆ ಎದೆ ಝಲ್ ಅನ್ನುತ್ತದೆ. ಚಳಿಗಾಲದಲ್ಲೂ ಪಾರ್ಕ್ ತೆರೆದಿರುತ್ತದೆ. ಆದರೆ ಹಿಮ ಬಿದ್ದರೆ ರಸ್ತೆ ಮುಚ್ಚಬಹುದು. ಮೊದಲ ಸಲ ಹೋಗುವವರಿಗೆ ಆ ಸಾಹಸ ಬೇಡ.

ಹೊರಡುವ ಮುನ್ನ

ಪಾರ್ಕಿಗೆ ಹೋಗುವ ಹೆದ್ದಾರಿ ಐ-90. ವಿಮಾನದಲ್ಲಿ ಬರುವವರಿಗೆ ಹತ್ತಿರದ ಊರು ರ‍್ಯಾಪಿಡ್ ಸಿಟಿ. ಅಲ್ಲಿಂದ ವಾಲ್ ಎಂಬ ಪುಟ್ಟ ಊರಿಗೆ ಸುಮಾರು 55 ಮೈಲಿ, ಒಂದು ಗಂಟೆಗಿಂತ ಕಡಿಮೆ. ಪೂರ್ವದಿಂದ ಬರುವವರಿಗೆ ಸೂ ಫಾಲ್ಸ್ ನಗರದಿಂದ ನಾಲ್ಕು ಗಂಟೆ ದಾರಿ. ಮಿನಿಯಾಪೊಲಿಸ್‌ನ ಕನ್ನಡಿಗರು ಬೆಳಗ್ಗೆ ಹೊರಟರೆ ಸಂಜೆ ವಾಲ್‌ನಲ್ಲಿರಬಹುದು. ಒಂದು ಮಾತು ನೆನಪಿಡಿ: ಪೂರ್ವದಿಂದ ಬರುವಾಗ ದಾರಿಯಲ್ಲಿ ಕಾಲವಲಯ ಬದಲಾಗುತ್ತದೆ. ಪಾರ್ಕ್ ಇರುವುದು ಮೌಂಟನ್ ಟೈಮ್‌ನಲ್ಲಿ. ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಆ ಗಂಟೆಯನ್ನು ಬಡ್ಡಿ ಇಲ್ಲದೆ ಹಿಂತಿರುಗಿಸಬೇಕು.

ಹಿಂದಿನ ರಾತ್ರಿ ವಾಲ್‌ನಲ್ಲೇ ಉಳಿಯಿರಿ. ಈ ಯೋಜನೆ ನಿಂತಿರುವುದೇ ಅದರ ಮೇಲೆ. ಬಹಳ ಜನ ಪೂರ್ವದ ಬಾಗಿಲಿನಿಂದ, ಅಂದರೆ ಐ-90ರ 131ನೇ ಎಕ್ಸಿಟ್‌ನಿಂದ ಒಳಗೆ ಬರುತ್ತಾರೆ. ಬಂದ ಕೂಡಲೇ ದೊಡ್ಡ ಗುಡ್ಡಗಳ ದರ್ಶನ. ಕಣ್ಣಿಗೆ ಒಮ್ಮೆ ಆ ಅಬ್ಬರ ರೂಢಿಯಾದರೆ ಮುಂದೆ ಹುಲ್ಲು ಬರೀ ಖಾಲಿ ಜಾಗದ ಹಾಗೆ ಕಾಣುತ್ತದೆ. ಸಿಹಿ ತಿಂದ ಮೇಲೆ ಚಹಾ ಕುಡಿದ ಹಾಗೆ. ನಾವು ಪಶ್ಚಿಮದಿಂದ, 110ನೇ ಎಕ್ಸಿಟ್‌ನ ವಾಲ್ ಕಡೆಯಿಂದ ಹೊಕ್ಕು ಪೂರ್ವದ ಕಡೆ ಹೊರಬೀಳುತ್ತೇವೆ.

ಪೆಟ್ರೋಲ್ ಟ್ಯಾಂಕ್ ವಾಲ್‌ನಲ್ಲಿ ಪೂರ್ತಿ ತುಂಬಿಸಿ. ನಾವು ಹೋಗುವ ದಾರಿಯಲ್ಲಿ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೋಟೆಲಿನ ವೈಫೈ ಇರುವಾಗಲೇ ಮ್ಯಾಪ್ ಇಳಿಸಿಕೊಳ್ಳಿ. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಆ್ಯಪ್‌ನಲ್ಲೂ ಈ ಪಾರ್ಕನ್ನು ಆಫ್‌ಲೈನ್ ಆಗಿ ಉಳಿಸಿಕೊಳ್ಳಬಹುದು. ನೀರು ಒಬ್ಬರಿಗೆ ನಾಲ್ಕು ಲೀಟರ್ ಇರಲಿ. ಜಾಸ್ತಿ ಅನಿಸಬಹುದು, ಆದರೆ ಗಾಳಿ ಒಣಗಾಳಿ. ಬೆವರು ಕಾಣುವುದಿಲ್ಲ, ನೀರಡಿಕೆ ಮಾತ್ರ ಹತ್ತುತ್ತಲೇ ಇರುತ್ತದೆ.

ಬುತ್ತಿಯ ವಿಷಯ. ಪಾರ್ಕಿನೊಳಗೆ ಸೀಡರ್ ಪಾಸ್ ಲಾಡ್ಜ್‌ನಲ್ಲಿ ಬೇಸಿಗೆ ಕಾಲಕ್ಕೆ ಊಟ ಸಿಗುತ್ತದೆ. ಸಸ್ಯಾಹಾರಿಗಳು ಅದನ್ನೇ ನಂಬಿಕೊಳ್ಳಬೇಡಿ. ಚಪಾತಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಕಟ್ಟಿಕೊಳ್ಳಿ. ಖಡಕ್ ರೊಟ್ಟಿಗೆ ಹೇಳಿ ಮಾಡಿಸಿದ ಹವೆ ಅದು, ಮೆತ್ತಗಾಗುವ ಮಾತೇ ಇಲ್ಲ.

ಬಟ್ಟೆಯ ಬಗ್ಗೆ ಇಷ್ಟೇ: ಉದ್ದನೆಯ ಪ್ಯಾಂಟು, ಪಾದ ಮುಚ್ಚುವ ಬೂಟು, ಟೋಪಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳು ಇರುತ್ತವೆ, ಪಾಪಾಸುಕಳ್ಳಿಯೂ ಇದೆ. ಹೌದು, ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯ ಕುಲವೇ. ಅದರ ತವರು ಅಮೆರಿಕ ಖಂಡ, ನಮ್ಮಲ್ಲಿಗೆ ಬಂದದ್ದು ಆಮೇಲೆ. ಇಲ್ಲಿಯದು ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಹಾಗಾಗಿ ಕೂರುವ ಮೊದಲು ಕೆಳಗೆ ನೋಡಿ.

ಮಳೆ ಬಂದರೆ ಯೋಜನೆ ರದ್ದು

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ನಮ್ಮ ಬೆಳಗಿನ ದಾರಿ ಸೇಜ್ ಕ್ರೀಕ್ ರಿಮ್ ರೋಡ್. ಅದು ಡಾಂಬರು ರಸ್ತೆ ಅಲ್ಲ, ಜಲ್ಲಿ ರಸ್ತೆ. ಒಣಗಿದ್ದಾಗ ಸಾಧಾರಣ ಕಾರೂ ಆರಾಮಾಗಿ ಹೋಗುತ್ತದೆ. ಮಳೆ ಬಿದ್ದರೆ ಕಥೆ ಬೇರೆ.

ಎರೆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದಗ, ವಿಜಯಪುರ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಚಪ್ಪಲಿಗೆ ಮೆತ್ತಿಕೊಂಡು ಕಾಲನ್ನೇ ಎತ್ತಲು ಬಿಡುವುದಿಲ್ಲ ಅಲ್ವಾ? ಅದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜಿಗುಟು ಖನಿಜ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬ್ಯಾಡ್‌ಲ್ಯಾಂಡ್ಸ್‌ನ ಜೇಡಿಯಲ್ಲೂ ಅದೇ ಜಾತಿಯ ಖನಿಜ ಇದೆ. ಬಣ್ಣ ಮಾತ್ರ ಕಪ್ಪಲ್ಲ, ಬೂದು. ಅಲ್ಲಿಯ ಜನ ಆ ಕೆಸರನ್ನು 'ಗಂಬೊ' ಅನ್ನುತ್ತಾರೆ.

ಎರೆಹೊಲದಲ್ಲೇ ಬೆಳೆದ ನಾನು ಇದನ್ನು ಬಲ್ಲವನೇ. ಆದರೂ ಅರ್ಧ ಗಂಟೆಯ ಮಳೆಯಾದ ಮೇಲೆ "ಮೇಲೆ ಜಲ್ಲಿ ಇದೆಯಲ್ಲ" ಅಂತ ಧೈರ್ಯ ಮಾಡಿ ಕಾರು ಇಳಿಸಿದೆ. ಎರಡು ಮೈಲಿ ದಾಟುವುದರೊಳಗೆ ಚಕ್ರದ ಸುತ್ತ ಕೆಸರು ತುಂಬಿ ಕಾರು ಅಡ್ಡಡ್ಡ ಜಾರತೊಡಗಿತು. ಎರಡೂವರೆ ಗಂಟೆ ಹಾಗೇ ಕೂತಿದ್ದೆವು. ಕೊನೆಗೆ ಯಾರೋ ಪಿಕಪ್‌ನವರು ಹಗ್ಗ ಕಟ್ಟಿ ಎಳೆದರು, ನಕ್ಕರು, ಹೋದರು. ಆದ್ದರಿಂದ ರಾತ್ರಿ ಮಳೆಯಾಗಿದ್ದರೆ ಬೆಳಗ್ಗೆ ಡಾಂಬರು ದಾರಿ ಸಾಕು. ಜಲ್ಲಿ ರಸ್ತೆಗೆ ಮಧ್ಯಾಹ್ನದ ಮೇಲೆ, ನೆಲ ಒಣಗಿದ್ದರೆ ಹೋಗಿ. ಬಾಡಿಗೆ ಕಾರಾದರೆ ಕರಾರು ಪತ್ರ ಓದಿ. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಡಾಂಬರಿಲ್ಲದ ರಸ್ತೆಗೆ ಒಯ್ಯಬಾರದು ಅಂತ ಇರುತ್ತದೆ.

ಬೆಳಗಿನ ಜಾವ: ಸೇಜ್ ಕ್ರೀಕ್ ದಾರಿ

ಜೂನ್‌ನಲ್ಲಿ ಐದು ಗಂಟೆಗೆಲ್ಲ ಬೆಳಕು ಹರಿಯುತ್ತದೆ. ಐದೂಕಾಲಕ್ಕೆ ವಾಲ್ ಬಿಡಿ. ಹೆದ್ದಾರಿ 240ರಲ್ಲಿ ದಕ್ಷಿಣಕ್ಕೆ ಸುಮಾರು ಎಂಟು ಮೈಲಿ ಹೋದರೆ ಪಿನಕಲ್ಸ್ ಪ್ರವೇಶದ್ವಾರ. 2025ರಲ್ಲಿ ಒಂದು ಕಾರಿಗೆ ಏಳು ದಿನಕ್ಕೆ 30 ಡಾಲರ್ ಇತ್ತು. ದರ, ಪಾಸುಗಳ ನಿಯಮ ಬದಲಾಗುತ್ತಿರುತ್ತವೆ. ಪಾರ್ಕಿನ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಂಡು ಹೊರಡಿ.

ದ್ವಾರ ದಾಟಿದ ಸ್ವಲ್ಪದರಲ್ಲೇ ಬಲಕ್ಕೆ ಜಲ್ಲಿ ರಸ್ತೆ ಹೊರಳುತ್ತದೆ. ಅದೇ ಸೇಜ್ ಕ್ರೀಕ್ ರಿಮ್ ರೋಡ್. ಪಶ್ಚಿಮದ ಕಡೆಗೆ ಹೋಗುವುದರಿಂದ ಸೂರ್ಯ ಬೆನ್ನಿಗಿರುತ್ತಾನೆ. ಕಣ್ಣಿಗೆ ಚುಚ್ಚುವುದಿಲ್ಲ, ಮುಂದಿನ ಹುಲ್ಲಿಗೆಲ್ಲ ಎಳೆಬಿಸಿಲು ಬಿದ್ದಿರುತ್ತದೆ. ಗಂಟೆಗೆ 20 ಮೈಲಿ ಮೀರಬೇಡಿ. ಹೇ ಬ್ಯೂಟ್, ಬ್ಯಾಡ್‌ಲ್ಯಾಂಡ್ಸ್ ವಿಲ್ಡರ್‌ನೆಸ್ ಎಂಬ ಎರಡು ನೋಟದ ಜಾಗಗಳು ಮೊದಲು ಬರುತ್ತವೆ. ಎಡಗಡೆ ಕೆಳಗೆ ಹರಡಿರುವುದು 64,000 ಎಕರೆಯ ಕಾಯ್ದಿಟ್ಟ ಬಯಲು. 1976ರಿಂದ ಅಲ್ಲಿ ರಸ್ತೆ ಇಲ್ಲ, ಕಟ್ಟಡ ಇಲ್ಲ.

ಎರಡನೆಯ ಜಾಗದಲ್ಲಿ ಕಾರು ನಿಲ್ಲಿಸಿ. ಎಂಜಿನ್ ಆರಿಸಿ. ಹಾಡೂ ಬೇಡ. ಕಿಟಕಿ ಇಳಿಸಿ ಹತ್ತು ನಿಮಿಷ ಸುಮ್ನೆ ಕೂರಿ. ಮೊದಲ ಎರಡು ನಿಮಿಷ ಏನೂ ಇಲ್ಲ ಅನಿಸುತ್ತದೆ. ಆಮೇಲೆ ಕೊಳಲಿನಂಥ ಒಂದು ಸಿಳ್ಳು ಕೇಳುತ್ತದೆ, ಕೊನೆಯಲ್ಲಿ ಗುಳುಗುಳು ಅಂತ ಜಾರುವ ಸಿಳ್ಳು. ಅದು ವೆಸ್ಟರ್ನ್ ಮೆಡೋಲಾರ್ಕ್. ಬೇಲಿಗೂಟದ ಮೇಲೆ ನೋಡಿ: ಹಳದಿ ಎದೆ, ಅದರ ಮೇಲೆ ಕಪ್ಪು ಕಂಠಿಹಾರ.

ಈಗ ಇಳಿದು ಹುಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿ. ನಿಂತು ನೋಡಿದರೆ ಎಲ್ಲ ಒಂದೇ. ಕೂತರೆ ನಾಲ್ಕು ಜಾತಿಯಾದರೂ ಕಾಣುತ್ತದೆ. ತುಸು ನೀಲಿ ಛಾಯೆಯ, ನೆಟ್ಟಗೆ ನಿಂತ ಹುಲ್ಲು ವೆಸ್ಟರ್ನ್ ವೀಟ್‌ಗ್ರಾಸ್. ಇಲ್ಲಿ ಜಾಸ್ತಿ ಇರುವುದು ಅದೇ. ಕಡ್ಡಿಯ ತುದಿಯಲ್ಲಿ ಅಡ್ಡಕ್ಕೆ, ಕಣ್ಣಿನ ರೆಪ್ಪೆಯ ಹಾಗೆ ತೆನೆ ಬಾಗಿದ್ದರೆ ಬ್ಲೂ ಗ್ರಾಮ. ನೆಲಕ್ಕೆ ಹಾಸಿಕೊಂಡು ಗುಂಗುರು ಗುಂಗುರಾಗಿರುವುದು ಬಫಲೋ ಗ್ರಾಸ್. ಸೆಪ್ಟೆಂಬರಿನಲ್ಲಿ ಕೆಂಪಗೆ ಕಾಣುವ ಹಿಂಡು ಹುಲ್ಲು ಲಿಟಲ್ ಬ್ಲೂಸ್ಟೆಮ್.

ಈ ಬಯಲಿಗೆ ಮಿಶ್ರ ಹುಲ್ಲಿನದು ಅನ್ನುವುದು ಏಕೆ? ಪಶ್ಚಿಮದಲ್ಲಿ ರಾಕಿ ಪರ್ವತಗಳಿವೆ. ಮಳೆಮೋಡವನ್ನು ಅವು ಅಲ್ಲೇ ಹಿಂಡಿಬಿಡುತ್ತವೆ, ನಮ್ಮ ಸಹ್ಯಾದ್ರಿ ಬಯಲುಸೀಮೆಗೆ ಮಾಡುವ ಹಾಗೆ. ಪರ್ವತದ ಬುಡದಲ್ಲಿ ಮಳೆ ಕಡಿಮೆ, ಅಲ್ಲಿ ಗಿಡ್ಡ ಹುಲ್ಲು. ದೂರದ ಅಯೋವಾ ಕಡೆ ಮಳೆ ಹೆಚ್ಚು, ಅಲ್ಲಿ ಆಳೆತ್ತರದ ಹುಲ್ಲು. ನಡುವೆ ಸಿಕ್ಕ ಬ್ಯಾಡ್‌ಲ್ಯಾಂಡ್ಸ್‌ಗೆ ವರ್ಷಕ್ಕೆ ಸುಮಾರು 16 ಇಂಚು, ಅಂದರೆ 400 ಮಿಲಿಮೀಟರ್ ಮಳೆ. ಹಾಗಾಗಿ ಎರಡೂ ಕಡೆಯವು ಇಲ್ಲಿ ಕೂಡಿ ಬಾಳುತ್ತವೆ. ಅದೂ ಪಾಳಿಯ ಮೇಲೆ. ವೀಟ್‌ಗ್ರಾಸ್‌ನಂಥವು ತಂಪು ಇರುವಾಗಲೇ, ಮೇ ಜೂನ್‌ನಲ್ಲಿ ಬೆಳೆದು ತೆನೆ ಬಿಡುತ್ತವೆ. ಗ್ರಾಮ, ಬ್ಲೂಸ್ಟೆಮ್‌ನಂಥವು ಬಿಸಿಲೇರಿದ ಮೇಲೆ ಮೈದುಂಬುತ್ತವೆ. ಒಂದೇ ಹೊಲದಲ್ಲಿ ಮುಂಗಾರಿಗೊಂದು, ಹಿಂಗಾರಿಗೊಂದು ಬೆಳೆ ತೆಗೆಯುವ ಲೆಕ್ಕ. ಇಲ್ಲಿ ಬಿತ್ತುವವರಿಲ್ಲ, ಅಷ್ಟೇ. ಮತ್ತೆ, ಈ ಹುಲ್ಲುಗಳ ಮೈಯ ಹೆಚ್ಚಿನ ಪಾಲು ನೆಲದೊಳಗೆ ಬೇರಾಗಿದೆ. ಬೆಂಕಿ ಬಂದರೂ, ಬೈಸನ್ ಮೇಯ್ದರೂ ಮರಳಿ ಚಿಗುರುವುದು ಅದರಿಂದಲೇ.

ನಾಯಿಯಲ್ಲದ ನಾಯಿಗಳ ಊರು

ರಸ್ತೆ ತಿರುವಿನಿಂದ ಸುಮಾರು ಐದು ಮೈಲಿಗೆ ರಾಬರ್ಟ್ಸ್ ಪ್ರೇರಿ ಡಾಗ್ ಟೌನ್. ಹೆಸರಿಗೆ ಡಾಗ್, ಜಾತಿಯಲ್ಲಿ ಅಳಿಲು. ಅಪಾಯ ಕಂಡಾಗ ನಾಯಿಯ ಹಾಗೆ ಕುಂಯ್ ಕುಂಯ್ ಅನ್ನುತ್ತವೆ, ಅದಕ್ಕೇ ಈ ಹೆಸರು. ಬಯಲಿನ ತುಂಬ ಮಣ್ಣಿನ ಗುಪ್ಪೆ, ಪ್ರತಿ ಗುಪ್ಪೆಗೊಂದು ಬಿಲ, ಬಿಲದ ಬಾಯಲ್ಲಿ ಕೈ ಕಟ್ಟಿ ನಿಂತ ಒಂದು ದುಂಡು ಪ್ರಾಣಿ. ಆಗಾಗ ಒಂದು ಎರಡೂ ಕೈ ಮೇಲೆತ್ತಿ, ತಲೆ ಹಿಂದಕ್ಕೆ ಎಸೆದು ಕೂಗುತ್ತದೆ. ಪಕ್ಕದ್ದೂ ಹಾಗೇ ಮಾಡುತ್ತದೆ, ಅದರ ಪಕ್ಕದ್ದೂ. ಊರಿಗೆ ಊರೇ ಭಜನೆಗೆ ಎದ್ದು ನಿಂತ ಹಾಗೆ.

ಮಕ್ಕಳು ಇಲ್ಲಿಂದ ಬೇಗ ಏಳುವುದಿಲ್ಲ, ಅರ್ಧ ಗಂಟೆ ಇಟ್ಟುಕೊಳ್ಳಿ. ಆದರೆ ಎರಡು ನಿಯಮ. ತಿನ್ನಲು ಏನೂ ಹಾಕಬೇಡಿ. ಬಿಲದ ಹತ್ತಿರ ಹೋಗಬೇಡಿ, ಸತ್ತ ಪ್ರಾಣಿ ಕಂಡರೆ ಮುಟ್ಟಲೇಬೇಡಿ. ಇವುಗಳ ಮೈಯ ಚಿಗಟಗಳಿಂದ ಪ್ಲೇಗ್ ಹರಡುತ್ತದೆ. ಇದು ಸುಮ್ಮನೆ ಹೆದರಿಸುವ ಮಾತಲ್ಲ. 2008ರಲ್ಲಿ ಪಕ್ಕದ ಕೊನಾಟಾ ಬಯಲಿಗೆ ಪ್ಲೇಗ್ ಬಂದು ಪ್ರೇರಿ ಡಾಗ್‌ಗಳ ಊರೂರೇ ಖಾಲಿಯಾದವು.

ಈ ಬಿಲಗಳಲ್ಲಿ ಇನ್ನೊಬ್ಬ ಬಾಡಿಗೆದಾರ ಇದ್ದಾನೆ, ಆದರೆ ನಿಮಗೆ ಕಾಣುವುದಿಲ್ಲ. ಕಪ್ಪು ಕಾಲಿನ ಫೆರೆಟ್. ಮುಂಗುಸಿಯ ಮೈಕಟ್ಟು, ಕಣ್ಣಿಗೆ ಕಳ್ಳನ ಕಪ್ಪು ಪಟ್ಟಿ. ರಾತ್ರಿ ಹೊತ್ತು ಬಿಲಕ್ಕೆ ನುಗ್ಗಿ ಪ್ರೇರಿ ಡಾಗ್ ಹಿಡಿದು ತಿನ್ನುತ್ತದೆ. ಇದರ ವಂಶವೇ ಮುಗಿಯಿತು ಅಂದುಕೊಂಡಿದ್ದರು. 1981ರಲ್ಲಿ ವಯೋಮಿಂಗ್‌ನ ಮಿಟೀಟ್ಸಿ ಊರ ಹತ್ತಿರ ಸಾಕುನಾಯಿಯೊಂದು ಸತ್ತ ಫೆರೆಟ್ ಒಂದನ್ನು ಕಚ್ಚಿಕೊಂಡು ಮನೆ ಅಂಗಳಕ್ಕೆ ತಂದಿತು. ಹುಡುಕಿದಾಗ ಅಲ್ಲಿ ಒಂದು ಗುಂಪೇ ಇತ್ತು. ರೋಗ ಬಿದ್ದು ಅದೂ ಕರಗಿತು, ಕೊನೆಗೆ ಹಿಡಿದು ಉಳಿಸಿಕೊಂಡವು 18. ಅವುಗಳ ಸಂತತಿಯನ್ನು 1994ರಲ್ಲಿ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಬಿಟ್ಟರು. ಪ್ರೇರಿ ಡಾಗ್ ಇಲ್ಲದೆ ಫೆರೆಟ್ ಇಲ್ಲ. ಹುಲ್ಲಿಲ್ಲದೆ ಪ್ರೇರಿ ಡಾಗ್ ಇಲ್ಲ. ಹಳೆಯ ಬಿಲಗಳಲ್ಲಿ ಬಿಲಗೂಬೆಗಳೂ ಸಂಸಾರ ಹೂಡುತ್ತವೆ. ಗುಪ್ಪೆಯ ಮೇಲೆ ಉದ್ದ ಕಾಲಿನ ಗಿಡ್ಡ ಹಕ್ಕಿಯೊಂದು ನಿಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರೆ ಅದೇ.

ಬೈಸನ್ ಎದುರಾದಾಗ

ಇಲ್ಲಿಂದ ಮುಂದೆ ಎಲ್ಲಿ ಬೇಕಾದರೂ ಬೈಸನ್ ಸಿಗಬಹುದು. ಬೈಸನ್ ಅಂದ ಕೂಡಲೇ ನಮಗೆ ನಾಗರಹೊಳೆಯ ಕಾಟಿ ನೆನಪಾಗುತ್ತದೆ. ಕಾಟಿಯನ್ನು ಇಂಡಿಯನ್ ಬೈಸನ್ ಅಂತ ಕರೆಯುವ ರೂಢಿ ಇದೆಯಾದರೂ ಎರಡೂ ಬೇರೆ ಪ್ರಾಣಿಗಳು. ಇದಕ್ಕೆ ಹೆಗಲ ಮೇಲೆ ದೊಡ್ಡ ಡುಬ್ಬ, ಮುಖದ ತುಂಬ ಗಡ್ಡ. ದೊಡ್ಡ ಗೂಳಿ 900 ಕಿಲೊ ತೂಗುತ್ತದೆ. ಮಂದ ನಡಿಗೆ ನೋಡಿ ಮೋಸ ಹೋಗಬೇಡಿ, ಮನಸ್ಸು ಮಾಡಿದರೆ ಗಂಟೆಗೆ 35 ಮೈಲಿ ಓಡುತ್ತದೆ.

ಬೇಟೆಯಿಂದಾಗಿ ಈ ಸೀಮೆಯಲ್ಲಿ ಬೈಸನ್ ಪೂರ್ತಿ ಅಳಿದಿತ್ತು. 1963ರಲ್ಲಿ ಹೊರಗಿನಿಂದ ತಂದು ಬಿಟ್ಟರು. ಈಗ ಹಿಂಡು ಸುಮಾರು 1,200. 2019ರಲ್ಲಿ ಬೇಲಿ ಸರಿಸಿ ಅವುಗಳಿಗೆ ಇನ್ನೂ 22,000 ಎಕರೆ ಕೊಟ್ಟಿದ್ದಾರೆ. ಹಾಗಾಗಿ ಡಾಂಬರು ರಸ್ತೆಯ ಪಕ್ಕದಲ್ಲೂ ಕಾಣಸಿಗುತ್ತವೆ.

ರಸ್ತೆಗೆ ಅಡ್ಡ ನಿಂತರೆ ಹಾರ್ನ್ ಹೊಡೆಯಬೇಡಿ. ದೂರದಲ್ಲೇ ನಿಲ್ಲಿಸಿ, ಕಾಯಿರಿ. ನಮ್ಮ ಊರಲ್ಲಿ ಕುರಿಮಂದೆ ದಾಟುವವರೆಗೆ ಬಸ್ಸು ಕಾಯುವುದಿಲ್ಲವೇ? ಕಾರಿನಿಂದ ಇಳಿದಿದ್ದರೆ 100 ಗಜ ದೂರ ಇರಲೇಬೇಕು, ಅದು ಪಾರ್ಕಿನ ನಿಯಮ. ಬಾಲ ನೋಡುತ್ತಿರಿ. ಜೋತುಬಿದ್ದು ಆಡುತ್ತಿದ್ದರೆ ನೊಣ ಓಡಿಸುತ್ತಿದೆ ಅಂತ ಅರ್ಥ. ನೆಟ್ಟಗೆ ಮೇಲೆದ್ದರೆ ನೀವು ಕಾರಿನೊಳಗೆ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟುವ ಕರುಗಳು ಕಿತ್ತಳೆ ಬಣ್ಣ, ನೋಡಲು ಮುದ್ದು. ಅವುಗಳ ತಾಯಂದಿರು ಹಾಗಲ್ಲ. ಜುಲೈ, ಆಗಸ್ಟ್ ಬೆದೆಯ ಕಾಲ, ಆಗ ಗೂಳಿಗಳಿಗೆ ತಲೆ ನೆಟ್ಟಗಿರುವುದಿಲ್ಲ.

ಹುಲ್ಲಿನ ನಡುವೆ ಅಲ್ಲಲ್ಲಿ ತಟ್ಟೆಯಂಥ ಬೋಳು ಗುಂಡಿ ಕಂಡರೆ ಅದು ಬೈಸನ್ ಹೊರಳಿದ ಜಾಗ. ಮಳೆಯಾದರೆ ಅದರಲ್ಲಿ ನೀರು ನಿಂತು ಬೇರೆಯೇ ಗಿಡಗಳು ಹುಟ್ಟುತ್ತವೆ. ಪ್ರಾಂಗ್‌ಹಾರ್ನ್ ಕೂಡ ಇಲ್ಲೇ ಕಾಣಬಹುದು. ರಾಣೆಬೆನ್ನೂರಿನ ಚಿಗರಿ ನೋಡಿದವರಿಗೆ ದೂರದಿಂದ ಅದೇ ಅನಿಸುತ್ತದೆ. ಆದರೆ ಇದು ಚಿಗರಿಯ ಕುಲದ್ದಲ್ಲ, ಬೇರೆಯೇ ಮನೆತನ.

ಸುಮಾರು 12 ಮೈಲಿಗೆ ಸೇಜ್ ಕ್ರೀಕ್ ಕ್ಯಾಂಪ್‌ಗ್ರೌಂಡ್. ಗುಂಡಿ ಶೌಚಾಲಯ ಇದೆ, ನೀರಿಲ್ಲ. ಇಲ್ಲಿ ಟೆಂಟ್ ಹಾಕಿಕೊಂಡವರ ಪಕ್ಕದಲ್ಲೇ ಬೈಸನ್ ಮೇಯುತ್ತಿರುತ್ತವೆ. ಬುತ್ತಿ ಬಿಚ್ಚಿ ನಾಷ್ಟಾ ಮುಗಿಸಿ. ಇದೇ ರಸ್ತೆ ಮುಂದೆ ಸೀನಿಕ್ ಎಂಬ ಊರಿಗೆ ಹೋಗುತ್ತದೆ. ನಾವು ಮಾತ್ರ ಬಂದ ದಾರಿಯಲ್ಲೇ ಹಿಂದಿರುಗೋಣ. ಒಂದೇ ದಾರಿ ಎರಡು ಸಲ ಅಂತ ಬೇಜಾರು ಬೇಡ, ಬಿಸಿಲು ಏರಿದ ಮೇಲೆ ಹುಲ್ಲಿನ ಬಣ್ಣವೇ ಬೇರೆ.

ಡಾಂಬರು ದಾರಿ: ಪಿನಕಲ್ಸ್‌ನಿಂದ ಪೂರ್ವಕ್ಕೆ

ಒಂಬತ್ತೂವರೆಯ ಹೊತ್ತಿಗೆ ಮುಖ್ಯ ರಸ್ತೆಗೆ ಬರುತ್ತೀರಿ. ಇದು ಬ್ಯಾಡ್‌ಲ್ಯಾಂಡ್ಸ್ ಲೂಪ್ ರೋಡ್. ವಾಲ್‌ನಿಂದ 131ನೇ ಎಕ್ಸಿಟ್‌ವರೆಗೆ ಹಿಡಿದರೆ ಸುಮಾರು 39 ಮೈಲಿ. ನಿಲ್ಲದೆ ಹೋದರೆ ಒಂದು ಗಂಟೆ. ನಾಲ್ಕು ಗಂಟೆ ಇಟ್ಟುಕೊಳ್ಳಿ.

ಈಗ ಗುಡ್ಡ ನೋಡುವ ಪಾಳಿ. ಪಿನಕಲ್ಸ್ ಓವರ್‌ಲುಕ್‌ನಲ್ಲಿ ನಿಂತರೆ ಕೆಳಗೆ ಕೊರಕಲುಗಳು, ಕಡಿದಾದ ಅಂಚಿನಲ್ಲಿ ಬಿಗ್‌ಹಾರ್ನ್ ಕುರಿಗಳು. ಇಲ್ಲಿ ಶೌಚಾಲಯ ಇದೆ. ಒಂದು ಮಾತು ತಿಳಿದುಕೊಂಡರೆ ಇಡೀ ಪಾರ್ಕ್ ಅರ್ಥವಾಗುತ್ತದೆ: ಇಲ್ಲಿ ಹುಲ್ಲುಗಾವಲು ಎರಡು ಅಂತಸ್ತಿನದು. ಮೇಲೊಂದು, ಕೆಳಗೊಂದು. ನಡುವೆ ಗೋಡೆಯ ಹಾಗೆ ನಿಂತಿರುವುದೇ ಈ ಗುಡ್ಡಸಾಲು. ವಾಲ್ ಊರಿಗೆ ಆ ಹೆಸರು ಬಂದದ್ದೂ ಈ ಗೋಡೆಯಿಂದಲೇ. ಮಳೆ ಈ ಗೋಡೆಯನ್ನು ವರ್ಷಕ್ಕೆ ಸುಮಾರು ಒಂದು ಇಂಚು ಕೊರೆಯುತ್ತದೆ. ಹೀಗೆ ಕೊರೆಯಲು ಶುರುವಾಗಿ ಐದು ಲಕ್ಷ ವರ್ಷ. ಬಂಡೆ ಅನ್ನುತ್ತೇವೆ, ನಿಜವಾಗಿ ಗಟ್ಟಿಯಾದ ಕೆಸರು ಮತ್ತು ಜ್ವಾಲಾಮುಖಿಯ ಬೂದಿ.

ಸ್ವಲ್ಪ ಮುಂದೆ ರಸ್ತೆ ಈ ಗೋಡೆಯನ್ನು ಇಳಿಯುತ್ತದೆ. ಎಡಬಲಕ್ಕೆ ಅರಿಸಿನ ಸುರಿದಂತೆ ಹಳದಿ ದಿಬ್ಬಗಳು, ಯೆಲ್ಲೊ ಮೌಂಡ್ಸ್. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು. ನೀರು ಇಳಿದ ಮೇಲೆ ತಳದ ಕಪ್ಪು ಕೆಸರು ಗಾಳಿ ಬಿಸಿಲಿಗೆ ಮಣ್ಣಾಗಿ ಹಳದಿಯಾಯಿತು. ಇಡೀ ದಾರಿಯಲ್ಲಿ ಒಂದೇ ಕಡೆ ಗುಡ್ಡದ ಫೋಟೊ ತೆಗೆಯಬೇಕು ಅಂದರೆ ನಾನು ಇಲ್ಲೇ ತೆಗೆಯುತ್ತೇನೆ.

ಕೆಳಗಿಳಿದ ಮೇಲೆ ಕೊನಾಟಾ ಬೇಸಿನ್, ಹೋಮ್‌ಸ್ಟೆಡ್, ಬರ್ನ್ಸ್ ಬೇಸಿನ್, ಪ್ರೇರಿ ವಿಂಡ್, ಪನೋರಮಾ ಪಾಯಿಂಟ್ ಅಂತ ಸಾಲಾಗಿ ಬರುತ್ತವೆ. ಎಲ್ಲ ಕಡೆ ನಿಲ್ಲಬೇಕಾಗಿಲ್ಲ. ಪ್ರೇರಿ ವಿಂಡ್‌ನಲ್ಲಿ ಮಾತ್ರ ನಿಲ್ಲಿ. ಹೆಚ್ಚು ಜನ ಅದನ್ನು ಬಿಟ್ಟು ಹೋಗುತ್ತಾರೆ, ಏಕೆಂದರೆ ಅಲ್ಲಿ ನೋಡಲು ಇರುವುದು ಹುಲ್ಲು ಮಾತ್ರ. ಬೆಳಗ್ಗೆ ಕುಕ್ಕರಿಸಿ ನೋಡಿದ್ದೀರಲ್ಲ, ಈಗ ದೂರದಿಂದಲೇ ಬಣ್ಣ ನೋಡಿ ಇದು ಯಾವ ಹುಲ್ಲಿನ ತಾಕು ಅಂತ ಊಹಿಸಬಹುದು.

ಹೋಮ್‌ಸ್ಟೆಡ್ ಅನ್ನುವ ಹೆಸರಿನ ಹಿಂದೆ ಒಂದು ಬರದ ಕಥೆ ಇದೆ. 20ನೇ ಶತಮಾನದ ಮೊದಲಲ್ಲಿ ಸರಕಾರ ಉಚಿತ ಜಮೀನು ಕೊಡುತ್ತದೆ ಅಂತ ಸಾವಿರಾರು ಜನ ಇತ್ತ ಬಂದರು. ಹುಲ್ಲು ಮಗುಚಿ ಉತ್ತರು. 400 ಮಿಲಿಮೀಟರ್ ಮಳೆಯಲ್ಲಿ ಗೋಧಿ ಎಷ್ಟು ದಿನ ನಡೆಯುತ್ತದೆ? 1930ರ ದಶಕದ ಬರಕ್ಕೆ ಮಣ್ಣು ಗಾಳಿಗೆ ಹಾರಿತು, ಜನ ಮನೆ ಬಿಟ್ಟು ಹೋದರು. ಸರಕಾರವೇ ಆ ಜಮೀನು ಮರಳಿ ಕೊಂಡಿತು. ಪಾರ್ಕಿನ ಸುತ್ತ ಇರುವ ಬಫಲೋ ಗ್ಯಾಪ್ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಹಾಗೆ ಉಳಿದ ನೆಲ. ಅದರದೊಂದು ಮಾಹಿತಿ ಕೇಂದ್ರ ವಾಲ್‌ನಲ್ಲಿದೆ.

ಆಮೇಲೆ ಬಿಗ್‌ಫುಟ್ ಪಾಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. 1890ರ ಡಿಸೆಂಬರ್‌ನಲ್ಲಿ ಈ ಸೀಮೆಯ ಮೂಲನಿವಾಸಿಗಳಾದ ಲಕೋಟಾ ಜನರ ನಾಯಕ ಸ್ಪಾಟೆಡ್ ಎಲ್ಕ್, ಸೈನಿಕರು ಬಿಗ್‌ಫುಟ್ ಎಂದು ಕರೆದವನು, ತನ್ನ ಜನರನ್ನು ಕರೆದುಕೊಂಡು ಚಳಿಯಲ್ಲಿ ಈ ಗೋಡೆಯನ್ನು ಇಳಿದು ದಕ್ಷಿಣಕ್ಕೆ ಹೋದ. ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬ ಜಾಗದಲ್ಲಿ ಅಮೆರಿಕದ ಸೈನ್ಯ ಅವರನ್ನು ಕೊಂದುಹಾಕಿತು, ಹೆಂಗಸರು ಮಕ್ಕಳು ಸೇರಿ. ಈ ನೆಲಕ್ಕೆ 'ಮಾಕೊ ಸೀಚಾ', ಕೆಟ್ಟ ನೆಲ, ಅಂತ ಹೆಸರಿಟ್ಟವರೂ ಲಕೋಟಾ ಜನರೇ. ಪಾರ್ಕಿನ ದಕ್ಷಿಣ ಭಾಗ ಈಗಲೂ ಅವರ ಪೈನ್ ರಿಡ್ಜ್ ಸೀಮೆಯಲ್ಲಿದೆ. ಅದಕ್ಕೆ ಇನ್ನೊಂದು ದಿನ ಬೇಕು.

ಮಧ್ಯಾಹ್ನ

ಫಾಸಿಲ್ ಎಕ್ಸಿಬಿಟ್ ಟ್ರೇಲ್ ಕಾಲು ಮೈಲಿಯ ಹಲಗೆಹಾದಿ. ಗಾಲಿಕುರ್ಚಿ, ಮಕ್ಕಳ ಗಾಡಿ ಎಲ್ಲ ಹೋಗುತ್ತವೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಇದೇ ಸರಿ. ಬೆನ್ ರೈಫೆಲ್ ವಿಸಿಟರ್ ಸೆಂಟರ್‌ನಲ್ಲಿ ನೀರು ತುಂಬಿಸಿಕೊಳ್ಳಿ, ಎಸಿ ತಂಪಿನಲ್ಲಿ ಅರ್ಧ ಗಂಟೆ ಕೂರಿ. ಬೆನ್ ರೈಫೆಲ್ ಲಕೋಟಾ ಮೂಲದವರು, ಸೌತ್ ಡಕೋಟಾದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದವರು. ಇದೇ ಕೇಂದ್ರದ ಹತ್ತಿರ 2010ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕೋರೆಹಲ್ಲಿನ ಬೆಕ್ಕಿನಂಥ ಪ್ರಾಣಿಯ ತಲೆಬುರುಡೆಯ ಪಳೆಯುಳಿಕೆ ಕಂಡುಹಿಡಿದಳು. ನಿಮ್ಮ ಮಕ್ಕಳಿಗೂ ಏನಾದರೂ ಸಿಕ್ಕರೆ ಎತ್ತಬೇಡಿ. ಜಾಗದ ಫೋಟೊ ತೆಗೆದು ಇಲ್ಲಿ ತಿಳಿಸಿ. ಮನೆಗೆ ಒಯ್ಯುವುದು ಅಪರಾಧ. ಡ್ರೋನ್ ಹಾರಿಸುವುದಕ್ಕೂ ಬಿಡುವುದಿಲ್ಲ.

ನಡೆಯುವ ಉತ್ಸಾಹ ಉಳಿದಿದ್ದರೆ ಮೆಡಿಸಿನ್ ರೂಟ್ ಟ್ರೇಲ್‌ನಲ್ಲಿ ಅರ್ಧ ಗಂಟೆ ಹೋಗಿ ಬನ್ನಿ. ಹೋಗುವುದು ಹುಲ್ಲಿನ ನಡುವೆಯೇ. ಈ ಪಾರ್ಕಿನ ಒಂದು ಉದಾರತೆ ಏನೆಂದರೆ ಕಾಲುದಾರಿ ಬಿಟ್ಟು ಎಲ್ಲಿ ಬೇಕಾದರೂ ನಡೆಯಬಹುದು. ಆದರೆ ಕಾಲಿಡುವ ಜಾಗ ನೋಡಿ ಇಡಿ. ಪ್ರೇರಿ ರ‍್ಯಾಟಲ್ ಹಾವು ಇಲ್ಲಿಯ ಒಂದೇ ವಿಷದ ಹಾವು. ಬಾಲದಿಂದ ಗಿಲಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತದೆ. ಕೇಳಿದರೆ ಅಲ್ಲೇ ನಿಂತು, ಎಲ್ಲಿದೆ ಅಂತ ನೋಡಿ, ಮೆಲ್ಲಗೆ ಹಿಂದೆ ಸರಿಯಿರಿ. ಮಧ್ಯಾಹ್ನದ ಮೇಲೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಕಾರಿಗೆ ಮರಳಿ. ಬಯಲಿನಲ್ಲಿ ಸಿಡಿಲಿಗೆ ಎತ್ತರದ ಗುರಿ ನೀವೇ ಆಗಿರುತ್ತೀರಿ. ಆಲಿಕಲ್ಲೂ ಬೀಳುತ್ತದೆ.

ವಿಸಿಟರ್ ಸೆಂಟರ್ ದಾಟಿದ ಮೇಲೆ ಡೋರ್ ಮತ್ತು ವಿಂಡೋ ಟ್ರೇಲ್‌ಗಳು ಒಂದೇ ಪಾರ್ಕಿಂಗ್‌ನಿಂದ ಹೊರಡುತ್ತವೆ. ಎರಡೂ ಚಿಕ್ಕವು. ಅಲ್ಲೇ ಇರುವ ನಾಚ್ ಟ್ರೇಲ್‌ನಲ್ಲಿ ಮರದ ದಿಮ್ಮಿಯ ಏಣಿ ಹತ್ತಬೇಕು. ಎತ್ತರಕ್ಕೆ ತಲೆ ತಿರುಗುವವರು ಕೆಳಗೇ ಇರಿ. ಕೊನೆಗೆ ಬಿಗ್ ಬ್ಯಾಡ್‌ಲ್ಯಾಂಡ್ಸ್ ಓವರ್‌ಲುಕ್. ಎಲ್ಲರೂ ಮೊದಲು ನೋಡುವುದನ್ನು ನೀವು ಕೊನೆಗೆ ನೋಡುತ್ತೀರಿ. ನೋಡಿ ಆದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ, ರಸ್ತೆಯ ಆಚೆ ಬದಿಗೆ.

131ನೇ ಎಕ್ಸಿಟ್ ಸೇರುವ ಮೊದಲು, ಪಾರ್ಕಿನ ಹೊರಗೆ, ರಸ್ತೆ ಪಕ್ಕದಲ್ಲೇ 1909ರ ಒಂದು ಮಣ್ಣುಮನೆ ಇದೆ. ಪ್ರೇರಿ ಹೋಮ್‌ಸ್ಟೆಡ್ ಅಂತ ಬೋರ್ಡು ಕಾಣುತ್ತದೆ. ಆಗ ಬಂದ ರೈತರಿಗೆ ಇಲ್ಲಿ ಮರ ಸಿಗಲಿಲ್ಲ. ಬೇರು ಹೆಣೆದ ಹುಲ್ಲಿನ ಹೆಂಟೆಗಳನ್ನೇ ಕತ್ತರಿಸಿ, ಇಟ್ಟಿಗೆಯ ಹಾಗೆ ಪೇರಿಸಿ ಗೋಡೆ ಮಾಡಿಕೊಂಡರು. ಟಿಕೆಟ್ ಇದೆ, ಸಮಯ ಇದ್ದರೆ ಒಳಗೆ ಹೋಗಿ ನೋಡಿ. ಕಾರು ಹತ್ತುವ ಮೊದಲು ಕಾಲುಚೀಲಕ್ಕೆ ಚುಚ್ಚಿಕೊಂಡ ಹುಲ್ಲಿನ ಬೀಜಗಳನ್ನು ಅಲ್ಲೇ ಕಿತ್ತು ಹಾಕಿ, ಮೊಣಕಾಲ ಹಿಂದೆ ಉಣ್ಣೆ ಹತ್ತಿದೆಯಾ ಅಂತ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಇನ್ನು ನಿಮ್ಮದು ಪೂರ್ವದ ದಾರಿಯಾದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿ.